ಹೇಳಿದ ಮಾತು ಕೇಳದ ಹುಡುಗಿ

ಆಗ ನಮ್ಮ ಹಟ್ಟಿಯಲ್ಲಿ ಮೆಲ್ಲಗೆ ಮಾತಾಡುವವರು ಯಾರೂ ಇರಲಿಲ್ಲ. ಮತ್ತೋಡಿನಿಂದ ಎರಡು ಮೈಲಿ ಒಳಗೆ, ಮೂವತ್ತು ಮನೆಯೂ ಇಲ್ಲದ ಕುರಿಯವರ ಹಟ್ಟಿ ಅದು. ಗುಡ್ಡದ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಕೂಗಿ ಕೂಗಿ ಗಂಟಲು ಪಳಗಿದವರಿಗೆ ಪಕ್ಕದಲ್ಲಿ ಕೂತವರ ಜೊತೆಗೂ ಅದೇ ಧ್ವನಿ. ನಮ್ಮವರು ಒಂದು ಹಿಡಿ ಉಪ್ಪು ಕೇಳಿದರೂ ಜಗಳಕ್ಕೆ ಬಂದ ಹಾಗೆ ಇರುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಎರಡು ಮನೆಗೆ ಟೀವಿ ಬಂದಿತ್ತು, ಆದರೆ ಹಟ್ಟಿಯ ಗದ್ದಲದಲ್ಲಿ ಅದರ ಮಾತು ಹೊರಗೆ ಕೇಳಿದ್ದನ್ನು ನಾನು ಕಾಣೆ.

ಅಂಥ ಹಟ್ಟಿಯಲ್ಲಿ ನನ್ನ ತಂಗಿ ಪಾರಿ ಒಂದು ಮಾತೂ ಆಡದೆ ಮೂರು ವರ್ಷ ದಾಟಿದಳು. ಅಳುತ್ತಿದ್ದಳು, ಕೇಕೆ ಹಾಕಿ ನಗುತ್ತಿದ್ದಳು, ಸಿಟ್ಟು ಬಂದರೆ ಟಗರಿನ ಹಾಗೆ ತಲೆಯಿಂದ ಗುದ್ದುತ್ತಿದ್ದಳು. ಮಾತು ಮಾತ್ರ ಇಲ್ಲ. ಯಾರಾದರೂ ಆ ವಿಷಯ ಎತ್ತಿದರೆ ಅಜ್ಜಿ ಬಿಡುತ್ತಿರಲಿಲ್ಲ.

"ನಮ್ ಮನೆತನದಾಗೆ ಮಾತು ತಡ ಕಣ್ರೇ. ನಮ್ಮ ಯಜಮಾನ್ರು ಬಾಯಿ ಬಿಟ್ಟಿದ್ದೇ ಐದು ವರ್ಷಕ್ಕೆ. ಬಿಟ್ ಮ್ಯಾಲೆ ಸಾಯೋಗಂಟ ಮುಚ್ಚಲಿಲ್ಲ."

ಎಲ್ಲರೂ ನಗುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆದರೆ ಅಜ್ಜಿಗೂ ಒಳಗೆ ಅಳುಕಿತ್ತು ಅನ್ನಿಸುತ್ತದೆ. ದಿನಾ ಬೆಳಿಗ್ಗೆ ಬಜೆ ಬೇರನ್ನು ಜೇನುತುಪ್ಪದಲ್ಲಿ ತೇಯ್ದು ಪಾರಿಯ ನಾಲಿಗೆಗೆ ಸವರುತ್ತಿದ್ದಳು. ಬಜೆಯ ಆ ಘಾಟು ವಾಸನೆ ಗೊತ್ತಿದ್ದವರಿಗೆ ಗೊತ್ತು, ಮೂಗಿನಲ್ಲಿ ಮಧ್ಯಾಹ್ನದವರೆಗೂ ಉಳಿಯುತ್ತದೆ. ಅವ್ವ ಹೊರಕೆರೆದೇವಪುರದ ದೇವರಿಗೆ ಹರಕೆ ಹೊತ್ತಿದ್ದಳು. ಪಾರಿ ಬಾಯಿ ತುಂಬ "ಅವ್ವ" ಅಂದ ಮೇಲೆಯೇ ಅಲ್ಲಿಗೆ ಹೋಗಿ ಅವಳ ಹುಟ್ಟುಕೂದಲಿನ ಮುಡಿ ಕೊಡುವುದು. ಹಾಗಾಗಿ ಕತ್ತರಿ ಕಾಣದ ಕೂದಲು ಅವಳ ಕಿವಿ ಎರಡನ್ನೂ ಮುಚ್ಚಿ ಭುಜದ ಮೇಲೆ ಬಿದ್ದಿತ್ತು. ಎಲ್ಲರ ಕಣ್ಣೂ ಅವಳ ನಾಲಿಗೆಯ ಮೇಲೆ. ಕಿವಿ ಇದೆಯೋ ಇಲ್ಲವೋ ಎಂದು ನೋಡಿದವರಿಲ್ಲ.

ಇನ್ನೊಂದು ಮಾತನ್ನು ಹೇಳಲೇಬೇಕು. ಪಾರಿಯ ಬಗ್ಗೆ ದಿನಕ್ಕೆ ಹತ್ತು ಸಲ ನಮ್ಮ ಮನೆಯಲ್ಲಿ ಕೇಳಿಬರುತ್ತಿದ್ದ ದೂರು ಇದು: "ಈ ಹುಡ್ಗಿ ಹೇಳಿದ್ ಮಾತು ಕೇಳಲ್ಲ." ಅವ್ವ ಅನ್ನುತ್ತಿದ್ದಳು, ಅಜ್ಜಿ ಅನ್ನುತ್ತಿದ್ದಳು, ಪಕ್ಕದ ಮನೆಯವರು ಅನ್ನುತ್ತಿದ್ದರು, ನಾನಂತೂ ಸರಿಯೇ ಸರಿ. ಹಠಮಾರಿ ಎಂಬ ಅರ್ಥದಲ್ಲಿ ಅನ್ನುತ್ತಿದ್ದೆವು. ಇದ್ದ ನಿಜವನ್ನೇ ಅಷ್ಟು ಗಟ್ಟಿಯಾಗಿ ದಿನವೂ ಹೇಳಿಕೊಳ್ಳುತ್ತಿದ್ದೆವಲ್ಲ, ನಮ್ಮ ಬುದ್ಧಿಗೆ ಏನು ಹೇಳುವುದು!

ನನಗೆ ಹತ್ತು ವರ್ಷ, ಐದನೇ ಕ್ಲಾಸು. ಆ ದೀಪಾವಳಿಗೆ ಅಪ್ಪ ಹೊಸದುರ್ಗದಿಂದ ನಮ್ಮಿಬ್ಬರಿಗೂ ಒಂದೊಂದು ಮಣಿಸರ ತಂದಿದ್ದ. ನನ್ನದು ಹಸಿರು, ಪಾರಿಯದು ಕೆಂಪು. ಹಬ್ಬದ ಮಾರನೆಯ ದಿನ ನಾನು ರೊಪ್ಪದಿಂದ, ಅಂದರೆ ಕುರಿದೊಡ್ಡಿಯಿಂದ, ಕಸ ಗುಡಿಸಿ ಬರುತ್ತೇನೆ, ಪಾರಿ ರೊಪ್ಪದ ಬಾಗಿಲಲ್ಲೇ ನನಗೆ ಬೆನ್ನು ಮಾಡಿ ಕೂತು ನನ್ನ ಹಸಿರು ಸರವನ್ನು ಎರಡು ಕೈಯಲ್ಲಿ ಹಿಡಿದು ಜಗ್ಗುತ್ತಿದ್ದಾಳೆ.

"ಲೇ ಪಾರಿ, ಬಿಡೇ! ಬಿಡು ಅಂದ್ನಲ್ಲ! ಏ, ಕೇಳಲ್ವೇನೇ ನಿಂಗೆ?"

ಮೂರು ಸಲ ಕೂಗಿದೆ. ಅವಳು ತಿರುಗಲಿಲ್ಲ. ದಾರ ಕಿತ್ತು ಮಣಿಗಳು ಹಿಕ್ಕೆ ಗಂಜಲದಲ್ಲಿ ಚೆಲ್ಲಾಪಿಲ್ಲಿಯಾದವು. ನಾನು ಓಡಿಹೋಗಿ ಅವಳ ಕಪಾಳಕ್ಕೆ ಬಾರಿಸಿದೆ. ಸಣ್ಣ ಏಟಲ್ಲ ಅದು, ಕೈಯೆತ್ತಿ ಹೊಡೆದ ಏಟು. ಅವಳು ಪಕ್ಕಕ್ಕೆ ಉರುಳಿ ಕಿರುಚಿಕೊಂಡಳು.

ಅಜ್ಜಿ ಓಡಿ ಬಂದು ಅವಳನ್ನು ಎತ್ತಿಕೊಂಡಳು. "ಏ ಮುಂಡೇದೆ, ಕಪಾಳಕ್ಕೆ ಹೊಡೀತಾರೇನೇ ಎಳೆ ಕೂಸಿಗೆ? ಕಿವಿ ತಮಟೆ ಹರಿದು ಹೋದ್ರೆ ಏನ್ ಮಾಡ್ತೀಯ?"

ಕಿವಿಯೊಳಗೆ ತಮಟೆ ಇರುತ್ತದೆ ಎಂದು ನಾನು ಕೇಳಿದ್ದು ಅದೇ ಮೊದಲು. ಅಂದಿಗೆ ಅದು ಬರೀ ಬೈಗುಳ, ಮುದ್ದೆಯ ಜೊತೆ ನುಂಗಿಕೊಂಡೆ. ನಾಲ್ಕು ದಿನ ಕಳೆದು ಅಪ್ಪ ಉಳಿದ ಗಂಡಸರ ಜೊತೆ ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಬಯಲಿಗೆ ಹೊರಟ. ಗದ್ದೆ ಕೊಯ್ದ ಮೇಲೆ ಅಲ್ಲಿನವರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿ ಉಗಾದಿಗೆ ವಾಪಸು ಬರುವುದು ನಮ್ಮವರ ರೂಢಿ. ಅಲ್ಲಿಯವರೆಗೆ ಹಟ್ಟಿಯಲ್ಲಿ ಹೆಂಗಸರು, ಮಕ್ಕಳು, ಮುದುಕರು.

ಅವರೆಕಾಯಿ ಕಾಲ ಬಂತು. ಸೊಗಡಿನ ಅವರೆ ಬಿಡಿಸಿದ ಕೈಯನ್ನು ಎರಡು ದಿನ ತೊಳೆದರೂ ಘಮ ಹೋಗುವುದಿಲ್ಲ. ಸಂಜೆಯಾದರೆ ಹೆಂಗಸರು ಜಗಲಿಯಲ್ಲಿ ಕೂತು ನೆನೆಸಿದ ಕಾಳು ಹಿಸುಕುತ್ತಿದ್ದರು, ನಾವು ಹುಡುಗಿಯರು ಬಣವೆಯ ಸುತ್ತ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಒಂದು ದಿನ ಪಾರಿಯನ್ನೂ ಆಟಕ್ಕೆ ಸೇರಿಸಿಕೊಳ್ಳೋಣ ಎಂದು ಹಿಂದಿನಿಂದ ಹೋಗಿ ಅವಳ ಕಣ್ಣು ಮುಚ್ಚಿದೆ.

ಅವಳು ಕೂಗಿದ ಕೂಗು ಈಗಲೂ ನನ್ನ ಬೆನ್ನಿನಲ್ಲಿದೆ. ಕುರಿಮರಿಯನ್ನು ತೋಳ ಹಿಡಿದಾಗ ಕೂಗುತ್ತದಲ್ಲ, ಹಾಗೆ. "ಪಾರಿ, ನಾನೇ ಕಣೇ, ಅಕ್ಕ, ಅಕ್ಕ" ಎಂದು ಕಿವಿಯ ಹತ್ತಿರವೇ ಹೇಳುತ್ತಿದ್ದೇನೆ, ಅವಳು ಒದ್ದಾಡಿ ನನ್ನ ಅಂಗೈ ಕಚ್ಚಿ ರಕ್ತ ಬರಿಸಿದಳು. ಕೈ ತೆಗೆದೆ. ತಿರುಗಿ ನನ್ನ ಮುಖ ನೋಡಿದಳು. ನೋಡಿದ ತಕ್ಷಣ ಅಳು ನಿಂತಿತು, ನನ್ನ ಲಂಗ ಹಿಡಿದುಕೊಂಡಳು.

ಉಳಿದವರು ನಕ್ಕು ಆಟ ಮುಂದುವರಿಸಿದರು. ನನಗೆ ಆಟ ಬೇಡವಾಯಿತು. ಕಣ್ಣು ಮುಚ್ಚಿದರೆ ನಮಗೆ ಕತ್ತಲಾಗುತ್ತದೆ, ಅಷ್ಟೇ. ಪಕ್ಕದಲ್ಲಿ ಯಾರಿದ್ದಾರೆ ಎಂದು ಗೊತ್ತೇ ಇರುತ್ತದೆ. ಇವಳಿಗೆ ಯಾಕೆ ಗೊತ್ತಾಗಲಿಲ್ಲ?

ಮಾರನೆಯ ದಿನ ಅವಳು ಜಗಲಿಯಲ್ಲಿ ಹುಣಸೆ ಬೀಜ ಆಡುತ್ತಾ ಕೂತಿದ್ದಾಗ ಹಿಂದೆ ನಿಂತು ಮೆಲ್ಲಗೆ ಕರೆದೆ. ಗಟ್ಟಿಯಾಗಿ ಕರೆದೆ. ಒಳಗಿನಿಂದ ತಾಮ್ರದ ತಂಬಿಗೆ ತಂದು ಅದರ ಮೇಲೆ ಸೌಟಿನಿಂದ ಬಡಿದೆ. ಅಂಗಳದ ಕೋಳಿಗಳು ಹಾರಿಹೋದವು. ಪಾರಿ ಬೀಜ ಎಣಿಸುವ ಹಾಗೆ ಒಂದೊಂದನ್ನೇ ಜೋಡಿಸುತ್ತಿದ್ದಳು. ಅಜ್ಜಿ ಹೇಳಿದ ಕಿವಿ ತಮಟೆ ನೆನಪಾಯಿತು. ಹರಿದು ಹೋಗಿದೆ. ನಾನೇ ಹರಿದಿದ್ದೇನೆ.

ಆ ದಿನದಿಂದ ಉಗಾದಿಯವರೆಗೆ ನಾನು ಹೆದರಿಕೆ ಇಲ್ಲದೆ ಉಂಡ ತುತ್ತು ಒಂದಿರಬಹುದೋ ಏನೋ. ಹೇಳಿಬಿಡೋಣ ಎಂದು ಅವ್ವನ ಹತ್ತಿರ ಹೋಗಿ, ಬಾಯಿ ತೆರೆದು, "ಅವ್ವ, ನೀರು" ಅಂದು ವಾಪಸು ಬಂದದ್ದುಂಟು. ತಂಗಿಯನ್ನು ಕೆಪ್ಪಿ ಮಾಡಿದವಳು ಎಂದು ಹಟ್ಟಿಯೆಲ್ಲ ಕೂಗಿ ಹೇಳುತ್ತಾರೆ. ನಮ್ಮ ಹಟ್ಟಿಯಲ್ಲಿ ಯಾವ ಗುಟ್ಟನ್ನೂ ಮೆಲ್ಲಗೆ ಹೇಳುವ ಪದ್ಧತಿ ಇರಲಿಲ್ಲವಲ್ಲ.

ಒಂದು ಸಂಜೆ ಎದುರು ಮನೆಯ ಹೆಂಗಸು ಬಂದವಳು ಸುಮ್ಮನಿರಲಾರದೆ ಅಂದಳು: "ಅಜ್ಜೀ, ಕೂಸಿಗೆ ಕಿವಿ ಕೇಳ್ತೈತಾ ಒಂದ್ಸಲ ನೋಡ್ರಿ. ನಮ್ಮ ತವರಾಗೆ ಒಂದು ಹುಡ್ಗ ಹಿಂಗೇ ಇತ್ತು."

"ಕೇಳ್ದೆ ಏನು? ನೋಡು ಬೇಕಾದ್ರೆ" ಎಂದು ಅಜ್ಜಿ ಊಟದ ತಟ್ಟೆ ತೆಗೆದುಕೊಂಡು ಪಾರಿಯ ಹಿಂದೆ ಹೋದಳು. ನಾನು ಪಾರಿಯ ಎದುರಿಗೆ ಕೂತು ಅವಳಿಗೆ ಹುರಿಗಾಳು ತಿನ್ನಿಸುತ್ತಿದ್ದೆ. ಅಜ್ಜಿ ತಟ್ಟೆ ಬಡಿದಳು. ನಾನು ಬೆಚ್ಚಿ ಹುಬ್ಬೆತ್ತಿ ಅಜ್ಜಿಯ ಕಡೆ ನೋಡಿದೆ. ಪಾರಿ ನನ್ನ ಮುಖ ನೋಡಿದಳು, ನನ್ನ ಕಣ್ಣು ಹೋದ ಕಡೆಗೆ ಗರಕ್ಕನೆ ತಿರುಗಿದಳು.

"ನೋಡ್ದೇನೇ! ಹೆಂಗ್ ತಿರುಗ್ತು ನನ್ ಬಂಗಾರ!" ಅಜ್ಜಿ ಮೊಮ್ಮಗಳನ್ನು ಎತ್ತಿ ಮುದ್ದಾಡಿದಳು. ಎದುರು ಮನೆಯವಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮೊದಲ ಸಲ ನಾನು ಬೇಕೆಂದು ಮಾಡಿದ್ದಲ್ಲ. ಎರಡನೆಯ ಸಲದಿಂದ ಬೇಕೆಂದೇ ಮಾಡಿದೆ.

ಯಾರಾದರೂ ಪಾರಿಯನ್ನು ಕರೆಯುವ ಹೊತ್ತಿಗೆ ನಾನು ಅವಳ ಎದುರಿಗೆ ಇರುತ್ತಿದ್ದೆ. ಹುಬ್ಬು ಎತ್ತಿದರೆ ಹಿಂದೆ ನೋಡು. ಗದ್ದ ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಕಣ್ಣು ಕಿರಿದು ಮಾಡಿದರೆ ಸುಮ್ಮನಿರು. ಹೇಳಿಕೊಡಬೇಕಾಗಿಯೇ ಇರಲಿಲ್ಲ, ಅವಳಿಗೆ ಅದು ಮೊದಲಿನಿಂದ ಗೊತ್ತಿದ್ದ ಪಾಠದ ಹಾಗಿತ್ತು. "ಅಕ್ಕನ್ನ ಬಿಟ್ಟು ಒಂದು ಗಳಿಗೆ ಇರಲ್ಲ" ಎಂದು ಎಲ್ಲರಿಗೂ ಸಂತೋಷ. ನಾನು ಕಳ್ಳಿ ಎಂದು ನನ್ನೊಬ್ಬಳಿಗೆ ಗೊತ್ತು.

ಹರಿದ ತಮಟೆಗೆ ಏನಾದರೂ ಮಾಡಬಹುದೇ ಎಂಬ ಒಂದು ಆಸೆ ಮಾತ್ರ ಉಳಿದಿತ್ತು. ಹಬ್ಬಕ್ಕೆ, ಮದುವೆಗೆ ತಮಟೆ ಬಡಿಯುತ್ತಿದ್ದ ದುರ್ಗಜ್ಜನ ಮನೆ ಊರಾಚೆ ಇತ್ತು. ಅವರ ಮನೆ ಯಾಕೆ ಆಚೆ ಎಂದು ಆ ವಯಸ್ಸಿನಲ್ಲಿ ನಾನು ಕೇಳಿಕೊಂಡಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಶಾಲೆಯಿಂದ ಬರುವಾಗ ಅತ್ತ ತಿರುಗಿದೆ. ಅವನು ಬೇಲಿ ಪಕ್ಕ ಕೂತು ತಮಟೆಯ ಅಂಚು ಬಿಗಿಯುತ್ತಿದ್ದ.

"ಅಜ್ಜಾ, ತಮಟೆ ಹರಿದ್ರೆ ಹೊಲಿಯಾಕೆ ಆಗ್ತೈತಾ?"

"ಹೊಲಿಯಂಗಿಲ್ಲವ್ವ. ಹರಿದ್ರೆ ಮುಗೀತು, ಹೊಸ ತೊಗಲೇ ಹಾಕ್ಬೇಕು."

ನನಗೆ ಅಲ್ಲೇ ಅಳು ಬಂತು. ಮುದುಕ ಗಾಬರಿಯಾದ.

"ಯಾಕವ್ವಾ, ಯಾರ್ದು ಹರೀತು? ಹರಿದೈತೋ, ಇಲ್ಲ ಮಂಕಾಗೈತೋ, ನೋಡಿದ್ಯಾ? ಥಂಡಿಗೆ ಮಂಕಾಗಿದ್ರೆ ಏನೂ ಆಗಲ್ಲ. ಬೆಂಕಿಗೆ ಹಿಡ್ದು ಕಾಯಿಸಿದ್ರೆ ಗಣಗಣ ಅಂತೈತೆ."

ಹೌದಲ್ಲ! ಚಳಿಗಾಲ. ಹರಿದಿಲ್ಲ, ಮಂಕಾಗಿದೆ! ಆ ದಿನ ಮನೆಯವರೆಗೂ ಓಡುತ್ತಲೇ ಬಂದೆ. ಮಾರನೆಯ ಬೆಳಿಗ್ಗೆಯಿಂದ ನೀರೊಲೆಯ ಮುಂದೆ ಪಾರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೂದಲು ಸರಿಸಿ, ಹೊಡೆದ ಕಡೆಯ ಕಿವಿಯನ್ನು ಮೊದಲು, ಇನ್ನೊಂದನ್ನು ಆಮೇಲೆ ಬೆಂಕಿಯ ಕಡೆ ಹಿಡಿಯತೊಡಗಿದೆ. ಕಿವಿ ಕೆಂಪಾಗುತ್ತಿತ್ತು, ಅವಳು ಮುಲುಗುತ್ತಿದ್ದಳು, ನಾನು ಬಿಡುತ್ತಿರಲಿಲ್ಲ. "ಚಳಿ ಆಗ್ತೈತೆ ಅಂತ ಕಾಯಿಸ್ತಾಳೆ, ನೋಡ್ರೇ ಅಕ್ಕರೆ" ಎಂದಳು ಅಜ್ಜಿ. ಕಾಯಿಸಿದ ಮೇಲೆ ಹಿಂದಿನಿಂದ ಕರೆದು ನೋಡುತ್ತಿದ್ದೆ. ಎಂಟು ದಿನ ಮಾಡಿದೆ. ಒಂಬತ್ತನೆಯ ದಿನ ಕಿಡಿ ಸಿಡಿದು ಅವಳ ಕಿವಿಯ ಹಾಲೆಯ ಮೇಲೆ ಬೊಕ್ಕೆ ಎದ್ದಿತು. ಅಜ್ಜಿ ಅದಕ್ಕೆ ಬೆಣ್ಣೆ ಹಚ್ಚಿದಳು. ನಾನು ರೊಪ್ಪದ ಮೂಲೆಗೆ ಹೋಗಿ ಮರಿಗಳ ನಡುವೆ ಮುಖ ಮುಚ್ಚಿಕೊಂಡು ಅತ್ತೆ. ಕಿವಿ ಹರಿದಿದ್ದಲ್ಲದೆ ಸುಟ್ಟೂ ಬಿಟ್ಟೆ ಎಂದು ಅಳು.

ಸಂಕ್ರಾಂತಿ ಕಳೆದ ಮೇಲೆ ಅಂಗನವಾಡಿಗೆ ಸಿಸ್ಟರಮ್ಮ ಬಂದಳು. ಮಕ್ಕಳಿಗೆ ಇಂಜೆಕ್ಷನ್ ಹಾಕುವ, ತೂಕ ನೋಡುವ ಆರೋಗ್ಯ ಇಲಾಖೆಯ ಸಿಸ್ಟರು. ಅವ್ವ ಪಾರಿಯನ್ನು ಕರೆದುಕೊಂಡು ಹೋದಳು, ಶಾಲೆ ಬಿಟ್ಟು ನಾನೂ ಬೆನ್ನಿಗೆ ಬಿದ್ದೆ.

"ಮೂರೂವರೆ ವರ್ಷ ಆತು, ಇನ್ನೂ ಮಾತಿಲ್ವಾ?" ಸಿಸ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ಕಿವಿ ಹೆಂಗೈತೆ?"

"ಕಿವಿಗೇನೂ ಆಗಿಲ್ರಿ" ಅಂದಳು ಅವ್ವ.

"ಇರ್ರಿ, ನೋಡಾಣ." ಅವಳು ಎದ್ದು ಪಾರಿಯ ಹಿಂದೆ ಹೋಗಿ ನಿಂತಳು. ನಾನು ಪಾರಿಯ ಎದುರಿಗೆ ಗೋಡೆಗೊರಗಿ ನಿಂತಿದ್ದೆ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಗೋಡೆಯ ಮೇಲಿನ ಬಣ್ಣದ ಗಿಳಿ ನೋಡುತ್ತಾ ನಿಂತಿದ್ದರೂ ಸಾಕಿತ್ತು. ಸಿಸ್ಟರಮ್ಮ ಚಪ್ಪಾಳೆ ತಟ್ಟಿದಳು. ನಾನು ಹುಬ್ಬೆತ್ತಿದೆ. ಪಾರಿ ತಿರುಗಿದಳು. ಸಿಸ್ಟರಮ್ಮ ಇನ್ನೊಂದು ಪಕ್ಕಕ್ಕೆ ಹೋಗಿ ಗಿಲಕಿ ಆಡಿಸಿದಳು. ಗದ್ದ ತಿರುಗಿಸಿದೆ. ಪಾರಿ ಆ ಪಕ್ಕಕ್ಕೆ ತಿರುಗಿ ನಕ್ಕಳು.

"ಕಿವಿ ಚೆನ್ನಾಗೈತೆ ಬಿಡಮ್ಮ. ಕೆಲವು ಮಕ್ಳಿಗೆ ಮಾತು ತಡ. ಮುಂದಿನ ವರ್ಷನೂ ಹಿಂಗೇ ಇದ್ರೆ ದುರ್ಗದ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ."

ಅವಳನ್ನು ನಾನು ಯಾವತ್ತೂ ದೂರುವುದಿಲ್ಲ. ಅವಳು ಕೇಳಬೇಕಾದ್ದನ್ನೇ ಕೇಳಿದ್ದಳು, ಹತ್ತು ವರ್ಷದ ಹುಡುಗಿಯೊಬ್ಬಳು ಅವಳ ಕಣ್ಣೆದುರಿಗೇ ಮೋಸ ಮಾಡಿದಳು. ದಾರಿಯಲ್ಲಿ ಅವ್ವ ಹಗುರಾಗಿ ನಡೆಯುತ್ತಿದ್ದಳು, ಬೇಲಿಯಲ್ಲಿದ್ದ ಕಾರೆಹಣ್ಣು ಕಿತ್ತು ನಮ್ಮಿಬ್ಬರ ಕೈಗೂ ಕೊಟ್ಟಳು. ನನಗೆ ನುಂಗಲಾಗಲಿಲ್ಲ.

ಉಗಾದಿ ಹತ್ತಿರ ಬಂತು. ಒಂದು ಮಧ್ಯಾಹ್ನ ಗುಡ್ಡದ ಇಳಿಜಾರಿನಲ್ಲಿ ಧೂಳು ಕಂಡಿತು, ಆಮೇಲೆ ಕುರಿಗಂಟೆ, ಆಮೇಲೆ ನಾಯಿಗಳು. ಐದು ತಿಂಗಳಿಗೆ ಅಪ್ಪ ಬರುತ್ತಿದ್ದಾನೆ! ನಾನು ಎಲ್ಲ ಮರೆತು ಎದುರಿಗೆ ಓಡಿದೆ. ಪಾರಿ ದಾರಿಯ ನಡುವೆ ಬೆನ್ನು ಮಾಡಿ ಕೂತು ಮಣ್ಣಾಡುತ್ತಿದ್ದಳು. ಅವಳನ್ನು ಎದುರಿಗೆ ಇಟ್ಟುಕೊಳ್ಳದೆ ಬಿಟ್ಟು ಓಡಿದ್ದು ಅಷ್ಟು ದಿನಗಳಲ್ಲಿ ಅದೊಂದೇ ಸಲ.

ಅಪ್ಪ ದೂರದಿಂದ "ಪಾರೀ!" ಎಂದು ಕೂಗಿದ. ಅಪ್ಪನ ಕೂಗೆಂದರೆ ಎರಡು ಹೊಲದಾಚೆಯ ಕುರಿ ತಲೆಯೆತ್ತುತ್ತದೆ. ಪಾರಿ ತಲೆಯೆತ್ತಲಿಲ್ಲ. ಮತ್ತೆ ಕೂಗಿದ. ಮುನ್ನೂರು ಕುರಿಯ ಮಂದೆ ಧೂಳೆಬ್ಬಿಸಿಕೊಂಡು ಅವಳ ಮೇಲೆಯೇ ಹೋಯಿತು. "ಅಯ್ಯಯ್ಯೋ" ಎಂದು ಅವ್ವ ಚೀರಿದಳು. ಕುರಿಗಳು ಕಲ್ಲನ್ನು ಬಳಸಿಕೊಂಡು ಹೋಗುವ ಹಾಗೆ ಅವಳನ್ನು ಬಳಸಿಕೊಂಡು ಹೋದವು. ಮೊದಲ ಕುರಿಯ ಮೈ ಭುಜಕ್ಕೆ ತಗುಲಿದಾಗಲೇ ಪಾರಿ ಹೌಹಾರಿ ಎದ್ದು ಕಿರುಚಿದ್ದು.

"ಐದು ತಿಂಗ್ಳಾತಲ್ಲಪ್ಪ, ಅಪ್ಪನ ದನಿ ಮರ್ತೈತೆ ಕೂಸು" ಅಂದಳು ಅಜ್ಜಿ. ಅಪ್ಪ ಪಾರಿಯನ್ನು ಎತ್ತಿಕೊಂಡು ಅವಳ ಮುಖವನ್ನೇ ನೋಡಿದ.

ಎರಡು ದಿನ ಅವನು ಜಗಲಿಯ ಮೇಲೆ ಕೂತು ನಮ್ಮಿಬ್ಬರನ್ನು ನೋಡುತ್ತಿದ್ದ. ಕುರಿ ಮೇಯಿಸುವವರ ನೋಟ ಹಾಗೇ, ಎತ್ತಲೋ ನೋಡುತ್ತಿದ್ದಾರೆ ಅನ್ನಿಸುತ್ತದೆ, ಒಂದು ಕುರಿ ಕುಂಟಿದರೂ ಕಂಡಿರುತ್ತದೆ. ಮೂರನೆಯ ದಿನ ಬೆಳಿಗ್ಗೆ ಅಜ್ಜಿಯನ್ನು ಕರೆದ.

"ಅವ್ವಾ, ಅದೇನೋ ತಟ್ಟೆ ಬಡಿದ್ರೆ ತಿರುಗ್ತಾಳೆ ಅಂದ್ಯಲ್ಲ, ಬಡಿ ನೋಡಾಣ. ರತ್ನಿ, ನೀನು ಹಿಂಗೆ ಪಾರಿ ಮುಂದೆ ಕುಂತ್ಕ."

ಅಜ್ಜಿ ಬಡಿದಳು. ನಾನು ಹುಬ್ಬೆತ್ತಿದೆ. ಪಾರಿ ತಿರುಗಿದಳು. ಎಲ್ಲರೂ ಪಾರಿಯನ್ನು ನೋಡುತ್ತಿದ್ದರೆ ಅಪ್ಪ ನನ್ನ ಮುಖ ನೋಡುತ್ತಿದ್ದ.

ಅಪ್ಪ ಹೆಗಲ ಮೇಲಿನ ಕಂಬಳಿ ಬಿಚ್ಚಿ ನನಗೂ ಪಾರಿಗೂ ನಡುವೆ ಪರದೆಯ ಹಾಗೆ ಹಿಡಿದ. "ಈಗ ಬಡಿ."

ಕಂಬಳಿಯ ಕರಿ ಉಣ್ಣೆ, ಅದರ ಕುರಿವಾಸನೆ, ಆಚೆ ತಟ್ಟೆಯ ಸದ್ದು. ಒಂದು ಸಲ, ಎರಡು ಸಲ, ಐದಾರು ಸಲ. ಅಜ್ಜಿ ಸಿಟ್ಟು ಬಂದವಳ ಹಾಗೆ ಬಡಿದಳು. ಆಮೇಲೆ ತಟ್ಟೆ ಅವಳ ಕೈಯಿಂದ ಬಿದ್ದ ಸದ್ದು ಕೇಳಿತು. ಕಂಬಳಿ ಕೆಳಗಿಳಿಯಿತು. ಪಾರಿ ಹುಣಸೆ ಬೀಜ ಹಿಡಿದುಕೊಂಡು, ಎಲ್ಲಿ ಹೋಗಿದ್ದೆ ಎಂಬಂತೆ ನನ್ನನ್ನು ನೋಡಿ ನಕ್ಕಳು.

"ಮಂದೆಯಾಗೆ ಒಂದು ಕೆಪ್ಪು ಮರಿ ಇದ್ರೆ ಗೊತ್ತೇ ಆಗಲ್ಲ" ಅಂದ ಅಪ್ಪ. ನೆಲ ನೋಡಿಕೊಂಡೇ ಮಾತಾಡುತ್ತಿದ್ದ. "ಕೂಗಿದ್ರೆ ಅದೂ ತಿರುಗ್ತೈತೆ. ಆದ್ರೆ ಪಕ್ಕದ್ ಮರಿ ನೋಡಿ ತಿರುಗ್ತೈತೆ. ಒಂದು ಚಣ ತಡ." ಆಮೇಲೆ ನನ್ನ ಕಡೆ ತಿರುಗಿದ. "ರತ್ನಿ, ನಿಂಗೆ ಯಾವಾಗಿಂದ ಗೊತ್ತು?"

ನಾನು ಎಲ್ಲವನ್ನೂ ಹೇಳಿದೆ. ಮಣಿಸರ, ಕಪಾಳ, ತಂಬಿಗೆ, ದುರ್ಗಜ್ಜ, ಬೆಂಕಿ, ಸಿಸ್ಟರಮ್ಮ. ಹೇಳುವಾಗ ಕೂತಲ್ಲೇ ಲಂಗ ಒದ್ದೆಯಾಯಿತು, ಹತ್ತು ವರ್ಷದ ದೊಡ್ಡ ಹುಡುಗಿಗೆ. ಅವ್ವ ಕೈಯೆತ್ತಿ ಬಂದಳು. ಅಪ್ಪ ಅವಳ ಕೈ ಹಿಡಿದ.

"ಬ್ಯಾಡ. ಹೊಡೆದಿದ್ದು ಸಾಕು ಈ ಮನೆಯಾಗೆ. ದುರ್ಗಕ್ಕೆ ಹೋಗಾಣ."

ದುರ್ಗದ ಬಸ್ಸಿನಲ್ಲಿ ಪಾರಿ ನನ್ನ ತೊಡೆಯ ಮೇಲಿದ್ದಳು. ಡಾಕ್ಟರು ಕಿವಿಯೊಳಗೆ ನೋಡಿದ ಕೂಡಲೇ ಹರಿದದ್ದು ಕಾಣುತ್ತದೆ, ಯಾರು ಹೊಡೆದದ್ದು ಎಂದು ಕೇಳುತ್ತಾರೆ, ಪೊಲೀಸರನ್ನು ಕರೆಯುತ್ತಾರೆ ಎಂದು ನನ್ನ ಲೆಕ್ಕ. ಕಿಟಕಿಯಾಚೆ ಏನು ಕಂಡೆನೋ ನೆನಪಿಲ್ಲ. ಅರ್ಧ ದಾರಿಯಲ್ಲಿ ಅಪ್ಪ ಇದ್ದಕ್ಕಿದ್ದ ಹಾಗೆ ಕೇಳಿದ.

"ಅವತ್ತು ನೀನು ಹೊಡೆದಿದ್ದು ಯಾಕೆ?"

"ಬಿಡು ಅಂದ್ರೂ ಕೇಳಲಿಲ್ಲ. ಮೂರ್ ಸಲ ಕೂಗಿದೆ."

"ಹಂಗಾದ್ರೆ ನೀನು ಹೊಡಿಯಾಕೆ ಮುಂಚೇನೇ ಕೇಳ್ತಿರಲಿಲ್ಲ ಅಲ್ವೇನವ್ವ?"

ಎಷ್ಟು ಸರಳ! ನಾಲ್ಕು ತಿಂಗಳು ನಾನು ತಿಂದ ಚಿಂತೆಯನ್ನು ಅವನು ಒಂದು ಮಾತಿನಲ್ಲಿ ಎತ್ತಿ ಆಚೆ ಇಟ್ಟ. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಅಪ್ಪನಿಗೆ ಗೊತ್ತಿದ್ದದ್ದು ಕುರಿಯ ಕಿವಿ.

ದೊಡ್ಡಾಸ್ಪತ್ರೆಯ ಡಾಕ್ಟರು ಪಾರಿಯ ಹರಕೆ ಕೂದಲನ್ನು ಎತ್ತಿ ಹಿಡಿಯಲು ನನಗೇ ಹೇಳಿದರು. ದೀಪದ ಕೊಳವೆ ಇಟ್ಟು ಒಂದು ಕಿವಿ ನೋಡಿದರು, ಇನ್ನೊಂದು ನೋಡಿದರು. "ಎರಡೂ ತಮಟೆ ಚೆನ್ನಾಗಿವೆ. ತೊಂದರೆ ಇನ್ನೂ ಒಳಗಿದೆ, ನರದಲ್ಲಿ. ಹುಟ್ಟಿದಾಗ ಮಗುಗೆ ಕಾಮಾಲೆ ಏನಾದ್ರೂ ಆಗಿತ್ತೇನಮ್ಮ?"

ಅವ್ವ ನೆನಪಿಸಿಕೊಂಡಳು. ಹೌದು, ಅರಿಶಿನ ಬಳಿದ ಹಾಗೆ ಹತ್ತು ದಿನ ಹಳದಿಯಾಗಿತ್ತು, ನಾಟಿ ಔಷಧಿ ಕೊಡಿಸಿದ್ದೆವು. ಅದರಿಂದಲೇ ಇರಬಹುದು, ಹೊಡೆತದಿಂದ ಹೀಗಾಗುವುದಿಲ್ಲ ಎಂದರು ಡಾಕ್ಟರು. ನಾನು ಆಗ ಉಸಿರು ಬಿಟ್ಟೆ. ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳುವಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿದರು.

"ಇನ್ನೂ ಮೊದಲೇ ಬರಬೇಕಿತ್ತು. ಮಕ್ಕಳು ಮಾತು ಕಲಿಯೋದು ಮೊದಲ ಮೂರು ನಾಲ್ಕು ವರ್ಷದಲ್ಲಿ. ಒಂದೊಂದು ತಿಂಗಳೂ ಮುಖ್ಯ. ಕೇಳಿಸಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ. "ಉಗಾದಿಗೆ ಗೊತ್ತಾತು ಸಾರ್" ಅಂದ. ಡಾಕ್ಟರು ಹಾಗೆಂದೇ ಬರೆದುಕೊಂಡರು.

ಆಮೇಲಿನದು ಉದ್ದದ ಕತೆ. ದಾವಣಗೆರೆಯಲ್ಲಿ ಪರೀಕ್ಷೆ, ಎದೆಯ ಮೇಲೆ ಚೀಲದಲ್ಲಿ ಕಟ್ಟಿಕೊಳ್ಳುವ ಕಿವಿ ಮಷೀನಿನ ಪೆಟ್ಟಿಗೆ, ಅದರಿಂದ ಕಿವಿಗೆ ಎರಡು ವೈರು. ಮಷೀನಿಗೆ ಕೂದಲು ಅಡ್ಡವಾಯಿತೆಂದು ಅವ್ವ ಮಾತಿಗೆ ಕಾಯದೆ ಮುಡಿ ಕೊಟ್ಟುಬಂದಳು. ಪಾರಿಗೆ ಲಾರಿಯ ಹಾರ್ನು ಕೇಳಿತು, ಗುಡುಗು ಕೇಳಿತು, ಮಾತು ಮಾತಾಗಿ ಕೇಳಲಿಲ್ಲ. ಆರನೆಯ ವರ್ಷಕ್ಕೆ ಅವಳನ್ನು ಕಿವುಡು ಮಕ್ಕಳ ಹಾಸ್ಟೆಲ್ ಶಾಲೆಗೆ ಸೇರಿಸಿದರು. ರಜೆಗೆ ಬಂದಾಗ ಅವಳ ಕೈಬೆರಳುಗಳು ನನಗೆ ಹಿಡಿಯಲಾಗದಷ್ಟು ಬೇಗ ಆಡುತ್ತಿದ್ದವು. ನಮ್ಮ ಹುಬ್ಬು ಗದ್ದದ ಭಾಷೆ ಅವಳಿಗೆ ಎಳೆತನದ ಆಟದ ಹಾಗೆ ಕಂಡಿರಬೇಕು, ಯಾವಾಗ ಬಿಟ್ಟಳೋ ಗೊತ್ತಾಗಲಿಲ್ಲ. ಆ ಭಾಷೆ ಆಡುತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ, ಈಗ ಒಬ್ಬಳೂ ಇಲ್ಲ. ನಮ್ಮ ಹಟ್ಟಿಯಲ್ಲಿ ಈಗ ಕುರಿ ಕಡಿಮೆ, ಕೂಗುವವರೂ ಕಡಿಮೆ. ಅದಕ್ಕೆಲ್ಲ ನಾನು ಅಳುವವಳಲ್ಲ. ನನ್ನ ಕೊರಗು ಅಂಗನವಾಡಿಯ ಆ ಒಂದು ಗಳಿಗೆಯದು.

ಪಾರಿಗೆ ಹದಿನಾರಾದಾಗ ಒಂದು ಬೇಸಿಗೆ ರಜೆಯಲ್ಲಿ ಧೈರ್ಯ ಮಾಡಿದೆ. ಕೈಭಾಷೆ ನನ್ನಿಂದಾಗದ್ದಕ್ಕೆ ಅವಳ ನೋಟ್‌ಬುಕ್ಕಿನಲ್ಲಿ ಬರೆದೆ: ನಿನಗೆ ಕೇಳಿಸುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ನನಗೆ ಗೊತ್ತಿತ್ತು. ನಾಲ್ಕು ತಿಂಗಳು ಮುಚ್ಚಿಟ್ಟೆ. ನನಗೆ ಹೆದರಿಕೆಯಾಗಿತ್ತು.

ಅವಳು ಎರಡು ಸಲ ಓದಿದಳು. ಸಿಟ್ಟಾಗಲಿಲ್ಲ. ಪೆನ್ನು ತೆಗೆದುಕೊಂಡು ಕೆಳಗೆ ಬರೆದಳು. ಹತ್ತು ವರ್ಷ ಶಾಲೆ ಓದಿದರೂ ಅವಳ ಬರಹದಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ತಡವಾಗಿ ಕಲಿತ ಭಾಷೆ ಅದು. ಹೀಗೆ ಬರೆದಳು:

"ನಾನು ಹೆದರಿಕೆ ಇತ್ತು. ಅಕ್ಕ ಶಾಲೆ ಹೋಗು. ಸಂಜೆ ತನಕ ಮುಖ ಇಲ್ಲ."

ಆ ಚಳಿಗಾಲವೆಲ್ಲ ಹೆದರಿದವಳು ನಾನೊಬ್ಬಳೇ ಎಂದು ಅಲ್ಲಿಯವರೆಗೂ ತಿಳಿದಿದ್ದೆ. ಬೆಳಿಗ್ಗೆ ಹತ್ತಕ್ಕೆ ಚೀಲ ಹೆಗಲಿಗೆ ಹಾಕಿಕೊಂಡು ನಾನು ಹೊರಟಾಗ ಪ್ರತಿದಿನ ಅವಳು ಬಾಗಿಲಿಗೆ ಬಂದು ಕಿರುಚುತ್ತಿದ್ದಳು. ಹೇಳಿದ ಮಾತು ಕೇಳಲ್ಲ ಎಂದು ಬೈದು ಒಳಗೆ ಎಳೆದುಕೊಳ್ಳುತ್ತಿದ್ದರು. ನಾನು ತಿರುಗಿ ನೋಡದೆ ಹೋಗುತ್ತಿದ್ದೆ.